ಮುಖಪುಟ ಬರೆದವರು ಯಾರು?

ಬೇಸಿಗೆ ರಜೆ ಅಂದರೆ ನಮಗೆ ಶ್ರೀನಿವಾಸಪುರದ ಅಜ್ಜಿ ಮನೆ. ಕೆಳಗೆ ಮಾವಿನ ಹಣ್ಣಿನ ರಾಶಿ, ಅಟ್ಟದ ಮೇಲೆ ಮಾವ ಬೈಂಡ್ ಮಾಡಿಸಿಟ್ಟಿದ್ದ ಹಳೇ ಚಂದಮಾಮಗಳ ರಾಶಿ. ಕಥೆಗಿಂತ ಮೊದಲು ನಾನು ನೋಡುತ್ತಿದ್ದದ್ದು ಮುಖಪುಟದ ಮಹಾಭಾರತ. ಭೀಷ್ಮ ಅಂದರೆ ಇವತ್ತಿಗೂ ನನ್ನ ಕಣ್ಣ ಮುಂದೆ ಬರುವುದು ಆ ಭೀಷ್ಮನೇ. ಬರೆದವರು ಯಾರು ಅಂತ ಕೇಳುವ ಬುದ್ಧಿ ಆಗ ಇರಲಿಲ್ಲ.

ಅವರು ಎಂ.ಟಿ.ವಿ. ಆಚಾರ್ಯ. ನಮ್ಮ ಕನ್ನಡದವರೇ! ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈನಲ್ಲಿ ಮದರಾಸಿನಿಂದ ತೆಲುಗು, ತಮಿಳಿನಲ್ಲಿ ಚಂದಮಾಮ ಶುರು ಮಾಡಿದರು. 1949ರಲ್ಲಿ ಕನ್ನಡಕ್ಕೂ ಬಂತು. ಆಚಾರ್ಯರ ಮಹಾಭಾರತದ ಮುಖಪುಟಗಳು ಬಂದದ್ದು 1950ರ ದಶಕದಲ್ಲಿ. ನಮ್ಮ ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆ ಕನ್ನಡ. ಅಜ್ಜಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆದರೆ ಮುಖಪುಟ ನೋಡಿ ಇಡೀ ಕಥೆ ಹೇಳುತ್ತಿದ್ದಳು. ಚಿತ್ರಕ್ಕೆ ಭಾಷೆ ಬೇಕಿಲ್ಲ ನೋಡಿ.

ಆಮೇಲೆ ಆಚಾರ್ಯರು ಚಂದಮಾಮ ಬಿಟ್ಟು ಬೆಂಗಳೂರಿಗೆ ಬಂದು, ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು.

ಇದೆಲ್ಲ ನೆನಪಾಗಿದ್ದು ಅಕ್ಕನ ಮಗನಿಂದ. ಮೊನ್ನೆ ಅವನು ಕಂಪ್ಯೂಟರಿನಲ್ಲಿ ಹಳೇ ಜಪಾನೀ ವಿಡಿಯೋ ಗೇಮ್ ಡಬ್ಬಿಯೊಂದರ ಚಿತ್ರ ತೋರಿಸಿದ. ಅದನ್ನು ಬರೆದವರು ನೊರಿಯೋಶಿ ಓರಾಯ್ (1935-2015). ಯಾವ ಕಂಪನಿಯ ನೌಕರರೂ ಅಲ್ಲ, ಸ್ವತಂತ್ರ ಕಲಾವಿದ. 1980ರ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಸಿನಿಮಾದ ಅಂತಾರಾಷ್ಟ್ರೀಯ ಪೋಸ್ಟರ್ ಅವರದ್ದೇ. ಕೋಯೈ ಕಂಪನಿಯ ಆಟಗಳ ಡಬ್ಬಿಗೆ ಜಪಾನಿನ ಸೇನಾನಿ ನೊಬುನಾಗನನ್ನೂ, ಚೀನಾದ ಮೂರು ರಾಜ್ಯಗಳ ಕಥೆಯ ವೀರರನ್ನೂ ಬರೆದರು. ಆ ಕಾಲದ ಆಟದ ಪರದೆಯ ಮೇಲೆ ಸೇನಾನಿ ಅಂದರೆ ಚೌಕಾಕಾರದ ಚುಕ್ಕೆಗಳಿಂದಾದ ಒರಟು ಚಿತ್ರ. ಮುಖ, ಕವಚ, ಸಿಟ್ಟು ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದದ್ದು ಡಬ್ಬಿಯ ಮೇಲೆ. ಮಕ್ಕಳು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಚುಕ್ಕೆಗಳ ಜೊತೆ ಆಡುತ್ತಿದ್ದರು.

ಅಟ್ಟದ ಮೇಲೆ ನಾನು ಮಾಡಿದ್ದೂ ಅದನ್ನೇ ಅಲ್ಲವೇ? ಒಳಗಿನ ಅಕ್ಷರಗಳಿಗೆಲ್ಲ ಆಚಾರ್ಯರ ಮುಖಗಳನ್ನೇ ಅಂಟಿಸಿಕೊಂಡು ಓದಿದ್ದು..

ವ್ಯತ್ಯಾಸ ಒಂದೇ. ಓರಾಯ್ ಯಾರು ಅಂತ ನಮ್ಮ ಹುಡುಗನಿಗೆ ಗೊತ್ತು. ಆಚಾರ್ಯ ಯಾರು ಅಂತ ಅವನಿಗೆ ಗೊತ್ತಿಲ್ಲ. ನನಗೇ ಎಷ್ಟೋ ವರ್ಷ ಗೊತ್ತಿರಲಿಲ್ಲವಲ್ಲ!

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಇವತ್ತಿಗೂ ಕಲ್ಲಿನಲ್ಲಿ ದೇವರನ್ನು ಕೆತ್ತುತ್ತಾರೆ. ಅಲ್ಲಿಂದ ಮೂರ್ತಿ ಯಾವ ಊರಿಗೋ ಹೋಗುತ್ತದೆ, ಪೂಜೆಯಾಗುತ್ತದೆ. ಕೆತ್ತಿದವರು ಯಾರು ಅಂತ ಕೈ ಮುಗಿಯುವವರು ಕೇಳುವುದಿಲ್ಲ. ನಾವು ಮುಖಪುಟದ ಕಲಾವಿದರನ್ನೂ ಹಾಗೇ ಮರೆತೆವು. ಚಂದಮಾಮ ಈಗ ಬರುವುದಿಲ್ಲ. ಅಜ್ಜಿ ಮನೆಯ ಅಟ್ಟದ ಪ್ರತಿಗಳೂ ಗೆದ್ದಲಿಗೆ ಹೋದವು.

ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಚಂದಮಾಮ ಉಳಿದಿದ್ದರೆ ಒಮ್ಮೆ ಕೆಳಗಿಳಿಸಿ. ಮಕ್ಕಳಿಗೆ ಚಿತ್ರ ತೋರಿಸಿ, ಬರೆದವರ ಹೆಸರನ್ನೂ ಹೇಳಿ. ಹಾಗೇ ನನಗೂ ಒಂದು ಸಾಲು ತಿಳಿಸಿ.. ನೋಡಲು ಬರುತ್ತೇನೆ :)