ಉಪ್ಪು ತಿಂದ ಮೇಲೆ: ಕಾಲರಾ ಚಿಕಿತ್ಸೆಯ ಚರಿತ್ರೆ ಮತ್ತು ಅಳತೆಯ ಭಾಷೆ

ನಾನು ಓದುತ್ತಿರುವುದು ಕನ್ನಡ ಸಾಹಿತ್ಯ, ವೈದ್ಯಶಾಸ್ತ್ರ ಅಲ್ಲ. ನನ್ನನ್ನು ಈ ವಿಷಯಕ್ಕೆ ತಂದದ್ದು ‘ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕು’ ಎಂಬ ಗಾದೆ. ನಾವು ಅದನ್ನು ‘ಮಾಡಿದ್ದುಣ್ಣೋ ಮಹರಾಯ’ ಎಂಬ ಅರ್ಥದಲ್ಲಿ ಬಳಸುತ್ತೇವೆ. ಅದರ ಅಕ್ಷರಾರ್ಥವೂ ಸರಿಯೇ. ಆದರೆ ಅರ್ಧ ಮಾತ್ರ. ಕುಡಿದ ನೀರು ಮೈಯಲ್ಲಿ ನಿಲ್ಲಬೇಕಾದರೆ ಉಪ್ಪು ಬೇಕು ಎಂಬ ಇನ್ನರ್ಧ, ಚಿಕಿತ್ಸೆಯಾಗಿ ಬಡವರ ಮನೆ ಮುಟ್ಟಲು ಸುಮಾರು 150 ವರ್ಷ ಹಿಡಿಯಿತು.

ಮೊದಲು ದೇಹದ ಲೆಕ್ಕ ನೋಡುವ. ನಮ್ಮ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಅದರ ಮೂರರಲ್ಲಿ ಎರಡು ಪಾಲು ಜೀವಕೋಶಗಳ ಒಳಗೆ, ಒಂದು ಪಾಲು ಹೊರಗೆ. ಸೋಡಿಯಂ ಹೆಚ್ಚಾಗಿ ಇರುವುದು ಈ ಹೊರಗಿನ ನೀರಿನಲ್ಲಿ. ರಕ್ತದ ನೀರೂ ಅದರಲ್ಲೇ ಸೇರಿತು. ಸೋಡಿಯಂ ಎಲ್ಲಿ ಉಂಟೋ ನೀರು ಅಲ್ಲಿ ನಿಲ್ಲುತ್ತದೆ. ರಕ್ತದಲ್ಲಿ ಉಪ್ಪು ಹೆಚ್ಚಾದರೆ ಮಿದುಳು ಬಾಯಾರಿಕೆ ಹುಟ್ಟಿಸಿ, ಮೂತ್ರ ಕಡಿಮೆ ಮಾಡಿಸುತ್ತದೆ. ಗಾದೆ ಹೇಳುವುದು ಇದನ್ನೇ. ರಕ್ತದ ಪ್ರಮಾಣವೇ ಕುಗ್ಗಿದರೆ ಮೂತ್ರಪಿಂಡ ರೆನಿನ್ ಬಿಡುತ್ತದೆ. ಆ ಸರಪಳಿಯ ಕೊನೆಗೆ ಅಲ್ಡೋಸ್ಟಿರೋನ್ ಎಂಬ ಹಾರ್ಮೋನು ಮೂತ್ರಕ್ಕೆ ಹೋಗುವ ಸೋಡಿಯಂ ಅನ್ನು ಹಿಂದಕ್ಕೆ ಎಳೆಯುತ್ತದೆ. ಆದರೆ ಕಾಲರಾದಲ್ಲಿ ಕರುಳಿನಿಂದ ಗಂಟೆಗೆ ಒಂದು ಲೀಟರಿನಷ್ಟು ಉಪ್ಪುನೀರು ಹೋಗಬಹುದು. ಮೂತ್ರಪಿಂಡ ಇದ್ದದ್ದನ್ನು ಉಳಿಸೀತು, ಹೋದದ್ದನ್ನು ತರಲಾರದು.

ಕಾಲರಾ ರೋಗಿಯ ರಕ್ತದಲ್ಲಿ ನೀರೂ ಲವಣವೂ ಕಡಿಮೆಯಾಗಿವೆ ಎಂದು 1831ರಲ್ಲೇ ವಿಲಿಯಂ ಒಶಾನೆಸ್ಸಿ ಕಂಡುಕೊಂಡರು. ಮರುವರ್ಷ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಥಾಮಸ್ ಲಾಟಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹರಿಸಿದರು. ಕೆಲವರು ಬದುಕಿದರು. ಆದರೂ ಆ ಕ್ರಮ ಬಹುಕಾಲ ಮೂಲೆಗೆ ಬಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರೋಜರ್ಸ್ ಅದನ್ನು ಮತ್ತೆ ಎತ್ತಿಕೊಂಡರು. ಆದರೆ ಅದಕ್ಕೆ ಸೂಜಿ, ಶುದ್ಧ ದ್ರಾವಣ, ಆಸ್ಪತ್ರೆ ಎಲ್ಲ ಬೇಕು.

ಬಾಯಿಯಿಂದ ಯಾಕೆ ಕೊಡಬಾರದು? ಬರೀ ಉಪ್ಪುನೀರನ್ನು ಕಾಲರಾ ಹಿಡಿದ ಕರುಳು ಸರಿಯಾಗಿ ಹೀರುವುದಿಲ್ಲ. ಕರುಳಿನ ಗೋಡೆಯಲ್ಲಿ ಸಕ್ಕರೆಯೂ ಸೋಡಿಯಮ್ಮೂ ಜೊತೆಯಾಗಿ ದಾಟುವ ಒಂದು ದಾರಿ ಉಂಟು ಎಂದು 1960ರಲ್ಲಿ ರಾಬರ್ಟ್ ಕ್ರೇನ್ ಪ್ರತಿಪಾದಿಸಿದರು. ಅವೆರಡು ದಾಟಿದರೆ ನೀರು ಹಿಂಬಾಲಿಸುತ್ತದೆ. ಕಾಲರಾ ವಿಷ ಈ ದಾರಿಯನ್ನು ಕೆಡಿಸುವುದಿಲ್ಲ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನೇಲಿನ್, ರಿಚರ್ಡ್ ಕ್ಯಾಶ್ ಮತ್ತು ಜೊತೆಗಾರರು ಇದನ್ನು ರೋಗಿಗಳಲ್ಲಿ ಸಾಧಿಸಿ ತೋರಿಸಿದರು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ನಡುವೆ ದಿಲೀಪ್ ಮಹಾಲನಬೀಸ್ ಡ್ರಮ್ಮುಗಳಲ್ಲಿ ಈ ದ್ರಾವಣ ತುಂಬಿಸಿ, ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಮುಖ್ಯ ಅನ್ನಿಸುವುದು ಇದರ ಮುಂದಿನ ಅಧ್ಯಾಯ. 1980ರಿಂದ ಹತ್ತು ವರ್ಷ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಮಹಿಳೆಯರು ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ ಕಲಿಸಿದ್ದು ಹೀಗೆ: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾಯಂದಿರಿಗೆ ಎಷ್ಟು ನೆನಪುಳಿಯಿತು ಎಂಬುದರ ಮೇಲೆ ಕಾರ್ಯಕರ್ತೆಯರ ಸಂಬಳ ನಿಂತಿತ್ತು. ಅಂದರೆ ಜ್ಞಾನ ತಲುಪಿದ್ದಕ್ಕೆ ಸಾಕ್ಷಿ ಕರಪತ್ರವಲ್ಲ, ಕೇಳಿದವರ ಬಾಯಲ್ಲಿ ಉಳಿದ ಮಾತು.

ನಮ್ಮ ಕಾಸರಗೋಡಿನಲ್ಲಿ ಹೊಟ್ಟೆ ಕೆಟ್ಟರೆ ಉಪ್ಪು ಹಾಕಿದ ಗಂಜಿ ತಿಳಿ ಕೊಡುವುದುಂಟು. ಅಕ್ಕಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗುವುದರಿಂದ ಅದರ ಹಿಂದೆ ಇರುವುದೂ ಇದೇ ತತ್ವ. ಹಾಗಂತ ಹಿರಿಯರಿಗೆ ಎಲ್ಲ ಗೊತ್ತಿತ್ತು ಎಂದು ನಾನು ಹೇಳುವುದಿಲ್ಲ; ಅಲ್ಲಿ ಖಚಿತ ಅಳತೆ ಇಲ್ಲ. ಅಳತೆ ಇರುವುದು ಓಆರ್‌ಎಸ್ ಪೊಟ್ಟಣದಲ್ಲಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ದ್ರಾವಣ ಗಟ್ಟಿಯಾಗಿ ಮಗುವಿನ ರಕ್ತದಲ್ಲಿ ಸೋಡಿಯಂ ಅಪಾಯಕ್ಕೆ ಏರಬಹುದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಇರುವ ನಮ್ಮಂಥ ಊರಲ್ಲಿ ಆ ಅಳತೆಯನ್ನು ಅಜ್ಜಿಗೆ ಯಾವ ಭಾಷೆಯಲ್ಲಿ ಹೇಳುತ್ತೇವೆ? ಗಡಿನಾಡಿನ ಭಾಷಾಹಕ್ಕು ಅಂದರೆ ಶಾಲೆ, ನೇಮಕಾತಿ, ನಾಮಫಲಕ ಎಂದಷ್ಟೇ ಚರ್ಚಿಸುತ್ತೇವೆ. ಆ ಪಟ್ಟಿಗೆ ಈ ಅಳತೆಯೂ ಸೇರಬೇಕು ಎಂಬುದು ನನ್ನ ವಿನಂತಿ. ಸೊಲ್ಲಾಪುರ, ತಾಳವಾಡಿ, ಆದೋನಿ ಕಡೆಯ ಗೆಳೆಯರು ನಿಮ್ಮಲ್ಲಿ ಹೇಗೆ ಉಂಟು ಅಂತ ಹೇಳಿದರೆ ಉಪಕಾರ.