ಗಂಗಾನಾಮದ ಅರ್ಥವೂ ಚರಿತ್ರೆಯೂ

ದೊಡ್ಡಬಳ್ಳಾಪುರ, ನೆಲಮಂಗಲಗಳ ಸೀಮೆಯಲ್ಲಿ ಗಂಗಮ್ಮ, ಶಿವಗಂಗಮ್ಮ, ಗಂಗಾಂಬಿಕೆ ಎಂಬ ಹೆಸರುಳ್ಳ ಹೆಣ್ಣುಮಕ್ಕಳು ಬಹುಮಂದಿ ಇರುವುದು ಸರ್ವವಿದಿತವು. ಈ ಹೆಸರು ಹಳೆಯದಾಯಿತೆಂದು ಕೂಸಿಗಿಡಲು ಸಂಕೋಚಪಡುವವರೂ ಈಗ ಉಂಟು. ಆದುದರಿಂದ ಇದರ ಅರ್ಥವನ್ನೂ ಚರಿತ್ರೆಯನ್ನೂ ಸದ್ಭಕ್ತರು ತಿಳಿದುಕೊಳ್ಳುವುದು ಉಚಿತವಾಗಿರುವುದು.

ಸಂಸ್ಕೃತದಲ್ಲಿ 'ಗಮ್' ಎಂಬ ಧಾತುವಿಗೆ ಹೋಗು ಎಂದರ್ಥ, ಹರಿದುಹೋಗುವವಳೇ ಗಂಗೆ. ಕನ್ನಡಿಗರ ಬಾಯಲ್ಲಿ ಈ ಶಬ್ದವು ಉತ್ತರದೇಶದ ಒಂದು ನದಿಯಲ್ಲಿ ನಿಲ್ಲದೆ ನೀರಿಗೆಲ್ಲ ಹೆಸರಾಯಿತು. ಬಾವಿ ತೋಡಿದಾಗಲೂ, ಕೆರೆ ತುಂಬಿದಾಗಲೂ, ಮದುವೆಯ ಮನೆಯಲ್ಲಿಯೂ ಗಂಗೆಪೂಜೆ ನಡೆಯುವುದು. ಕೆರೆಬಾವಿಗಳನ್ನೇ ನಂಬಿ ಬಾಳಿದ ಈ ಸೀಮೆಯವರಿಗೆ ಇದಕ್ಕಿಂತ ಪ್ರಿಯವಾದ ಹೆಸರು ಮತ್ತಾವುದು?

ಇದಲ್ಲದೆ ದೊಡ್ಡಬಳ್ಳಾಪುರಕ್ಕೆ ನೈಋತ್ಯದಲ್ಲಿ ಶಿವಗಂಗೆಯ ಬೆಟ್ಟವಿರುವುದು. ಅಲ್ಲಿ ಮಕರಸಂಕ್ರಾಂತಿಯ ಕಾಲದಲ್ಲಿ ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಕಲ್ಯಾಣೋತ್ಸವವು ಜರುಗುವುದು. ಬೆಟ್ಟದ ಮೇಲೆ ಬಂಡೆಯಲ್ಲಿ ಒಸರುವ ತೀರ್ಥವನ್ನು ತಂದು ಧಾರೆಯೆರೆಯುವುದು ಅಲ್ಲಿಯ ರೂಢಿ. ಗಂಗಾಧರಯ್ಯ, ಶಿವಗಂಗಮ್ಮ ಎಂಬ ಹೆಸರುಗಳಿಗೆ ಈ ಕ್ಷೇತ್ರದ ಭಕ್ತಿಯೇ ಆಸರೆ.

ಆದರೆ ಲಿಂಗಧಾರಿಗಳಿಗೆ ಇಷ್ಟರಿಂದಲೇ ತೃಪ್ತಿಯಾಗದು. ಅಷ್ಟಾವರಣಗಳಲ್ಲಿ ಒಂದಾದ ಪಾದೋದಕಕ್ಕೆ ಹಿರಿಮೆಯು ನೀರಿನಿಂದ ಬಂದುದಲ್ಲ. ಗುರುಲಿಂಗಜಂಗಮರ ಸಂಬಂಧದಿಂದ ಬಂದುದು. ಅಂತೆಯೇ ಈ ನಾಮದ ಹಿರಿಮೆಯೂ ಒಬ್ಬ ಶರಣೆಯಿಂದ ಬಂದುದು. ಆಕೆಯೇ ಹನ್ನೆರಡನೆಯ ಶತಮಾನದಲ್ಲಿ ಶ್ರೀ ಬಸವೇಶ್ವರನ ಧರ್ಮಪತ್ನಿಯಾಗಿದ್ದ ಗಂಗಾಂಬಿಕೆ. ಕಲ್ಯಾಣದ ಮಹಾಮನೆಯಲ್ಲಿ ದಾಸೋಹವನ್ನು ನಡೆಸಿದ ಈ ತಾಯಿಯು ವಚನಗಳನ್ನೂ ರಚಿಸಿದಳು. ಅವುಗಳ ಅಂಕಿತವು 'ಗಂಗಾಪ್ರಿಯ ಕೂಡಲಸಂಗಮದೇವ' ಎಂದು. ಆಯ್ದಕ್ಕಿ ಲಕ್ಕಮ್ಮನು ತನ್ನ ಅಂಕಿತದಲ್ಲಿ ಪತಿಯಾದ ಮಾರಯ್ಯನ ಹೆಸರನ್ನಿರಿಸಿದಳು; ಗಂಗಾಂಬಿಕೆಯಾದರೋ ಪತಿಯ ಆರಾಧ್ಯದೈವದ ನಾಮಕ್ಕೆ ತನ್ನ ಹೆಸರನ್ನೇ ಜೋಡಿಸಿದಳು. ದೇವನು ಗಂಡಿಗೆ ಎಷ್ಟು ಸಮೀಪನೋ ಹೆಣ್ಣಿಗೂ ಅಷ್ಟೇ ಸಮೀಪನೆಂಬ ಶರಣಧರ್ಮದ ತತ್ತ್ವವು ಆ ಒಂದು ಅಂಕಿತದಲ್ಲಿ ಅಡಗಿರುವುದು.

ಕಲ್ಯಾಣದಲ್ಲಿ ವಿಪ್ಲವವಾದ ಬಳಿಕ ಉಳವಿಯ ಕಡೆಗೆ ನಡೆದ ಶರಣರೊಡನೆ ಬಂದ ಗಂಗಾಂಬಿಕೆಯು ಮಾರ್ಗದಲ್ಲಿ ಲಿಂಗೈಕ್ಯಳಾದಳೆಂದು ಪರಂಪರೆಯು ಹೇಳುವುದು. ಬೆಳಗಾವಿ ಜಿಲ್ಲೆಯ ಮುಗುಟಖಾನ ಹುಬ್ಬಳ್ಳಿಯಲ್ಲಿ, ಮಲಪ್ರಭಾ ನದಿಯ ಒಡಲಿನಲ್ಲಿಯೇ ಆಕೆಯ ಐಕ್ಯಸ್ಥಳವಿರುವುದು. ಗಂಗೆಯೆಂಬ ಹೆಸರಿನಾಕೆಗೆ ಹೊಳೆಯೇ ನೆಲೆಯಾಯಿತು.

ಹೆಸರು ಹಳೆಯದಾಗಬಹುದು, ಅದನ್ನು ಹೊತ್ತವಳ ನಡೆ ಹಳೆಯದಾಗದು. ಕೂಸಿಗೆ ಲಿಂಗಧಾರಣೆ ಮಾಡಿಸಿ ಗಂಗಾ ಎಂದು ಕರೆಯುವ ತಾಯ್ತಂದೆಗಳು ಅವಳಿಗೆ ಅಕ್ಷರವನ್ನೂ, ತನ್ನ ಮಾತನ್ನು ತಾನೇ ಆಡುವ ಧೈರ್ಯವನ್ನೂ, ದಾಸೋಹದ ಬುದ್ಧಿಯನ್ನೂ ಕೊಡತಕ್ಕದ್ದು. ಆಗಲೇ ಆ ನಾಮವು ಸಾರ್ಥಕವಾಗುವುದು.