ಕಾಗದದ ಹೂವಿನ ಪೂರ್ವೋತ್ತರ

ನಮ್ಮ ನಾಡಿನ ಹೂಗಿಡಗಳಲ್ಲಿ ಬಹುಪಾಲಿಗೆ ಒಂದಿಲ್ಲೊಂದು ದೈವಸಂಬಂಧವುಂಟು. ಕೆಂಪು ದಾಸವಾಳ ಗಣಪತಿಗೆ ಪ್ರಿಯವೆನ್ನುವರು, ತುಂಬೆ ಶಿವನಿಗೆ. ಪಾರಿಜಾತಕ್ಕಾದರೋ ಸತ್ಯಭಾಮೆಯ ಕಥೆಯೇ ಇದೆ. ಮಲ್ಲಿಗೆ, ಸಂಪಿಗೆ, ಸೇವಂತಿಗೆಗಳು ದೇವರ ಶಿರಸ್ಸಿಗೂ ಸಲ್ಲುವುವು, ಹೆಣ್ಣುಮಕ್ಕಳ ಮುಡಿಗೂ ಸಲ್ಲುವುವು. ಪರಿಮಳವಿಲ್ಲದ ಕನಕಾಂಬರ ಕೂಡ ಬೇಗ ಬಾಡದ ತನ್ನ ಗುಣದಿಂದಲೂ ಬಣ್ಣದ ಬಲದಿಂದಲೂ ಮಾಲೆಯೊಳಗೆ ಸ್ಥಾನವನ್ನು ಸಂಪಾದಿಸಿಕೊಂಡಿತು. ಆದರೆ ರೈಲು ನಿಲ್ದಾಣದ ಬೇಲಿಯ ಮೇಲೆ, ಪ್ರವಾಸಿ ಬಂಗಲೆಯ ಕಮಾನಿನ ಮೇಲೆ, ವಿದ್ಯಾರ್ಥಿನಿಲಯದ ಕಾಂಪೌಂಡು ಗೋಡೆಯ ಮೇಲೆ, ಬೇಸಗೆಯ ಉರಿಬಿಸಿಲಿನಲ್ಲಿ ರಾಶಿರಾಶಿಯಾಗಿ ಅರಳಿ ನಿಲ್ಲುವ ಬೋಗನ್‌ವಿಲ್ಲಾ, ಜನಸಾಮಾನ್ಯರು ಕಾಗದದ ಹೂವೆಂದು ಕರೆಯುವ ಆ ಮುಳ್ಳಿನ ಪೊದೆ, ದೇವರ ಮನೆಯನ್ನು ಹೊಗಲಿಲ್ಲ, ಮುಡಿಯನ್ನು ಏರಲಿಲ್ಲ. ಅದಕ್ಕೆ ಪುರಾಣವಿಲ್ಲ, ಮಾಹಾತ್ಮ್ಯವಿಲ್ಲ, ಹಬ್ಬವಿಲ್ಲ. ಅದಕ್ಕಿರುವುದು ಚರಿತ್ರೆ ಮಾತ್ರ. ಆ ಚರಿತ್ರೆಯಲ್ಲಿ ಹೆಸರು ಪಡೆದವರು ಕೆಲವರು, ಕೈದುಡಿಮೆ ಮಾಡಿದವರು ಬೇರೆ ಕೆಲವರು.

ಆ ಚರಿತ್ರೆಯ ಮೊದಲ ಪುಟ ತೆರೆಯುವುದು 1767ನೆಯ ಇಸವಿಯಲ್ಲಿ, ಬ್ರೆಜಿಲಿನ ರಿಯೊ ಡಿ ಜನೈರೊ ಬಂದರಿನಲ್ಲಿ. ಲೂಯಿ ಆಂಟ್ವಾನ್ ದ ಬೂಗನ್‌ವಿಲ್ ಎಂಬ ಫ್ರೆಂಚ್ ನೌಕಾಧಿಕಾರಿ ಎರಡು ಹಡಗುಗಳೊಡನೆ ಭೂಪ್ರದಕ್ಷಿಣೆಗೆ ಹೊರಟಿದ್ದನು; ಅವುಗಳಲ್ಲಿ ಎತ್ವಾಲ್ ಎಂಬ ಹಡಗಿನಲ್ಲಿ ಫಿಲಿಬೆರ್ ಕೊಮೆರ್ಸಾನ್ ಎಂಬ ಸಸ್ಯಶಾಸ್ತ್ರಜ್ಞನೂ, ಅವನ ಜತೆಗೆ ಒಬ್ಬ ಸೇವಕನೂ ಇದ್ದರು. ಫ್ರಾನ್ಸಿನ ಯುದ್ಧನೌಕೆಗಳಲ್ಲಿ ಸ್ತ್ರೀಯರಿಗೆ ಪ್ರವೇಶ ನಿಷಿದ್ಧವಾಗಿದ್ದ ಆ ಕಾಲದಲ್ಲಿ, ಆ ಸೇವಕನು ನಿಜವಾಗಿ ಗಂಡುಡುಪು ತೊಟ್ಟ ಝಾನ್ ಬಾರೆ ಎಂಬ ಬರ್ಗಂಡಿಯ ಬಡ ಒಕ್ಕಲು ಮನೆಯ ಹೆಣ್ಣುಮಗಳು. ಕೊಮೆರ್ಸಾನನಿಗೆ ಕಾಲಿನಲ್ಲಿ ಮಾಯದ ಹುಣ್ಣು. ಬೆಟ್ಟ ಹತ್ತುವುದು, ಗಿಡ ಹುಡುಕುವುದು, ಅವನ್ನು ಕಾಗದದ ನಡುವೆ ಒತ್ತಿಡುವ ಭಾರವಾದ ಹಲಗೆಗಳನ್ನು ಹೊತ್ತು ತಿರುಗುವುದು, ಇವುಗಳಲ್ಲಿ ಬಹುಭಾಗ ಬಾರೆಯ ಪಾಲಿಗೆ ಬಂದಿತ್ತು. ಆದುದರಿಂದ ರಿಯೊ ನಗರದ ಸುತ್ತ ಬೆಳೆದಿದ್ದ ಆ ನೇರಳೆಗೆಂಪಿನ ಬಳ್ಳಿಪೊದೆಯಿಂದ ಮೊದಲ ರೆಂಬೆಯನ್ನು ಮುರಿದು ತಂದ ಕೈ ಅವಳದೇ ಇರಬೇಕೆಂದು ಈಚಿನ ವಿದ್ವಾಂಸರಲ್ಲಿ ಕೆಲವರು ಊಹಿಸಿರುವರು.

ಮರುವರ್ಷ ತಾಹಿತಿ ದ್ವೀಪದಲ್ಲಿ ಬಾರೆಯ ಗುಟ್ಟು ಬಯಲಾಯಿತು. ಮಾರಿಷಸ್ ತಲಪಿದಾಗ ಇಬ್ಬರೂ ಅಲ್ಲಿಯೇ ಹಡಗಿನಿಂದಿಳಿದರು. ಕೊಮೆರ್ಸಾನನು 1773ರ ಮಾರ್ಚಿನಲ್ಲಿ ಆ ದ್ವೀಪದಲ್ಲಿಯೇ ಕಾಲವಾದನು. ಆ ಸುದ್ದಿ ಇನ್ನೂ ತಲಪದಿದ್ದ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಕೆಲವೇ ದಿನಗಳ ಮೇಲೆ ಅವನನ್ನು ತನ್ನ ಸದಸ್ಯನನ್ನಾಗಿ ಚುನಾಯಿಸಿತು. ಬಾರೆ ಅನಂತರ ತಾಯ್ನಾಡಿಗೆ ಮರಳಿ, ತಿಳಿದಮಟ್ಟಿಗೆ ಭೂಮಂಡಲವನ್ನು ಸುತ್ತಿಬಂದ ಮೊದಲ ಸ್ತ್ರೀಯೆನಿಸಿಕೊಂಡಳು. 1785ರಲ್ಲಿ ನೌಕಾ ಇಲಾಖೆ ಅವಳಿಗೆ ವರ್ಷಕ್ಕೆ 200 ಲಿವ್ರ್‌ಗಳ ವಿಶ್ರಾಂತಿವೇತನವನ್ನು ಕೊಟ್ಟಿತು. ಗಿಡವಾದರೋ 1789ರಲ್ಲಿ ಆಂಟ್ವಾನ್ ಲೋರಾನ್ ದ ಜುಸ್ಸಿಯು ಎಂಬ ಪಂಡಿತನ ಗ್ರಂಥದಲ್ಲಿ ಹಡಗಿನ ನಾಯಕನ ಹೆಸರನ್ನು ಹೊತ್ತು ಪ್ರಕಟವಾಯಿತು. ಬಾರೆಯ ಹೆಸರು ಒಂದು ಸಸ್ಯಕ್ಕೆ ಸಂದದ್ದು 2012ರಲ್ಲಿ. ಅದು ನಮ್ಮ ಬದನೆ, ಆಲೂಗೆಡ್ಡೆಗಳ ಕುಲಕ್ಕೆ ಸೇರಿದ, ದಕ್ಷಿಣ ಅಮೆರಿಕದ ಒಂದು ಕಾಡುಗಿಡ.

ಈ ಹೂವನ್ನು ದೂರದಿಂದ ನೋಡುವವರೇ ಹೆಚ್ಚು. ಗೊಂಚಲೊಂದನ್ನು ಕೈಗೆ ತೆಗೆದುಕೊಂಡು ನೋಡಿದರೆ, ನಾವು ಹೂವೆಂದು ಭಾವಿಸುವುದು ಹೂವಲ್ಲವೆಂದು ತಿಳಿಯುವುದು. ಬಣ್ಣದ ಮೂರು ಎಸಳುಗಳು ಎಸಳುಗಳಲ್ಲ, ಹೂವಿಗೆ ಕಾವಲಾಗಿ ನಿಂತ ಪುಷ್ಪಪತ್ರಗಳು. ಎಲೆಯಲ್ಲಿರುವಂತೆಯೇ ನರಗಳು ಅವುಗಳಲ್ಲಿ ಹೆಣೆದುಕೊಂಡಿರುವುವು. ಪ್ರತಿಯೊಂದರ ನಡುನರಕ್ಕೆ ಅಂಟಿದಂತೆ ಸಣ್ಣದೊಂದು ಕೊಳವೆ. ಅದರ ತುದಿಯಲ್ಲಿ ಬೆರಳುಗುರಿನ ಅರ್ಧದಷ್ಟೂ ಅಗಲವಿಲ್ಲದ, ನಕ್ಷತ್ರಾಕಾರದ ಕೆನೆಬಿಳಿಯ ಬಾಯಿ. ಅದೇ ನಿಜವಾದ ಹೂ. ಅದು ಬೇಗ ಬಾಡಿದರೂ ಪತ್ರಗಳು ವಾರಗಟ್ಟಲೆ ಬಣ್ಣಗೆಡದೆ, ಒಣಗಿದ ಮೇಲೂ ಸದ್ದುಮಾಡುತ್ತ ಅಂಗಳದಲ್ಲಿ ಹೊರಳಾಡುವುವು. ಕಾಗದದ ಹೂವೆಂಬ ಹೆಸರಿಗೆ ಇದೇ ಕಾರಣ. ಪರದೇಶದ್ದಾದರೂ ಈ ಗಿಡಕ್ಕೆ ನಮ್ಮಲ್ಲಿ ಬಂಧುಗಳಿಲ್ಲದೆ ಇಲ್ಲ: ತಾನೂ ಅಮೆರಿಕದಿಂದಲೇ ಬಂದು ಹಳ್ಳಿಯ ಹಿತ್ತಿಲಲ್ಲಿ ನೆಲಸಿದ ಸಂಜೆಮಲ್ಲಿಗೆಯೂ, ಆಯುರ್ವೇದದಲ್ಲಿ ಪ್ರಸಿದ್ಧವಾದ ಪುನರ್ನವವೂ ಇದರ ಕುಟುಂಬಕ್ಕೇ ಸೇರಿದುವು.

ಬೋಗನ್‌ವಿಲ್ಲಾ ಭಾರತಕ್ಕೆ ಬಂದದ್ದು ಯೂರೋಪಿನ ದಾರಿಯಿಂದ. ಅಲ್ಲಿಯ ಚಳಿಗೆ ಬಯಲಿನಲ್ಲಿ ಬಾಳಲಾರದೆ ಗಾಜಿನ ಮನೆಗಳಲ್ಲಿ ಬಂದಿಯಾಗಿದ್ದ ಗಿಡ 1860ರಲ್ಲಿ ಕಲ್ಕತ್ತೆಗೆ ತರಲ್ಪಟ್ಟಿತೆಂದು ಉದ್ಯಾನಶಾಸ್ತ್ರದ ಗ್ರಂಥಗಳು ಹೇಳುವುವು. ಆ ನಗರದಲ್ಲಿ 1820ರಷ್ಟು ಹಿಂದೆಯೇ ಕೃಷಿ ಮತ್ತು ತೋಟಗಾರಿಕೆಯ ಸಂಘವೊಂದನ್ನು ಸ್ಥಾಪಿಸಿದ ವಿಲಿಯಂ ಕೇರಿ ಕನ್ನಡಿಗರಿಗೆ ಅಪರಿಚಿತನಲ್ಲ. 1817ರಲ್ಲಿ ಶ್ರೀರಾಮಪುರದ ಮುದ್ರಣಾಲಯದಿಂದ ಇಂಗ್ಲಿಷಿನಲ್ಲಿ ಒಂದು ಕನ್ನಡ ವ್ಯಾಕರಣವನ್ನು ಪ್ರಕಟಿಸಿದವನು ಅವನೇ. ಈ ಸಂಘದ ತೋಟವೇ ಮುಂದೆ ಭಾರತದಲ್ಲಿ ಬೋಗನ್‌ವಿಲ್ಲಾಗಳ ತವರಾಯಿತು.

ಮೈಸೂರು ಸೀಮೆಯಲ್ಲಿ ಇಂಥ ಆಗಂತುಕ ಸಸ್ಯಗಳಿಗೆ ಮನೆಮಾಡಿಕೊಟ್ಟದ್ದು ಲಾಲ್‌ಬಾಗು. 1760ರಲ್ಲಿ ಹೈದರಾಲಿ ಆರಂಭಿಸಿದ ಆ ತೋಟ ಮುಂದೆ ಸರ್ಕಾರದ ಸಸ್ಯೋದ್ಯಾನವಾಗಿ, 1874ರಿಂದ ಜಾನ್ ಕ್ಯಾಮರಾನನ ಆಡಳಿತದಲ್ಲಿಯೂ, 1908ರಿಂದ ಕ್ಯೂ ಉದ್ಯಾನದಲ್ಲಿ ಪಳಗಿ ಬರೋಡೆಯಲ್ಲಿ ಕೆಲಸಮಾಡಿ ಬಂದಿದ್ದ ಜರ್ಮನಿಯ ಕ್ರುಂಬಿಗಲ್ಲನ ಆಡಳಿತದಲ್ಲಿಯೂ ದೇಶದೇಶಾಂತರಗಳ ಅಲಂಕಾರಸಸ್ಯಗಳನ್ನು ಬರಮಾಡಿಕೊಂಡು ಒಗ್ಗಿಸಿತು. 1912ರಲ್ಲಿ ಸ್ಥಾಪಿತವಾದ ಮೈಸೂರು ಉದ್ಯಾನಕಲಾ ಸಂಘವೂ ಫಲಪುಷ್ಪ ಪ್ರದರ್ಶನಗಳೂ ಆ ಅಭಿರುಚಿಯನ್ನು ಅಧಿಕಾರಿಗಳ ಬಂಗಲೆಗಳಿಂದ ಗೃಹಸ್ಥರ ಅಂಗಳಕ್ಕೆ ಇಳಿಸಿದುವು. ಕಡಿಮೆ ನೀರಿನಲ್ಲಿ ಬಾಳಿ, ದನಕರುಗಳನ್ನು ಮುಳ್ಳಿನಿಂದ ತಡೆದು, ಬಿಸಿಲು ಹೆಚ್ಚಿದಷ್ಟೂ ಬಣ್ಣವೇರುವ ಗಿಡಕ್ಕೆ ನಮ್ಮ ಬಯಲುಸೀಮೆಗಿಂತ ಒಪ್ಪುವ ನೆಲ ಬೇರಾವುದು? ಬೇಲಿಯೂ ಆಗುವ ಹೂಗಿಡವೆಂದರೆ ಲೆಕ್ಕಾಚಾರದ ಗೃಹಸ್ಥನಿಗೂ ಒಪ್ಪಿಗೆಯೇ.

ಈ ಗಿಡ ಹಬ್ಬಿದ ಬಗೆಯಲ್ಲಿ ಒಂದು ವಿಶೇಷವುಂಟು. ನಮ್ಮ ತೋಟಗಳ ಬೋಗನ್‌ವಿಲ್ಲಾಗಳಲ್ಲಿ ಹೆಚ್ಚಿನವು ಬೀಜ ಕಟ್ಟುವುದಿಲ್ಲ. ಹಕ್ಕಿ ಬಿತ್ತಲಿಲ್ಲ, ಗಾಳಿ ತೂರಲಿಲ್ಲ; ಒಬ್ಬರ ಬೇಲಿಯಿಂದ ಕಡ್ಡಿ ಕತ್ತರಿಸಿ ಇನ್ನೊಬ್ಬರ ಕೈಗೆ ಕೊಟ್ಟದ್ದರಿಂದಲೇ ಇದರ ವಂಶ ಬೆಳೆಯಿತು. ಹೊಸ ಬಣ್ಣಗಳು ಹುಟ್ಟಿದ್ದೂ ಬಹಳಮಟ್ಟಿಗೆ ಬೀಜದಿಂದಲ್ಲ. ಕೆಂಪು ಹೂವಿನ ಪೊದೆಯಲ್ಲಿ ಯಾವುದೋ ಒಂದು ಮೊಗ್ಗು ಪ್ರಕೃತಿಯ ವ್ಯತ್ಯಯದಿಂದ ಬೇರೆ ಬಣ್ಣದ ರೆಂಬೆಯಾಗಿ ಒಡೆಯುವುದುಂಟು. ನೀರು ಹಾಯಿಸುವಾಗಲೋ ಕೊಂಬೆ ಸವರುವಾಗಲೋ ಅದು ಒಬ್ಬನ ಕಣ್ಣಿಗೆ ಬೀಳಬೇಕು, ಅವನು ಅದನ್ನು ಬೇರ್ಪಡಿಸಿ ಬೇರು ಬರಿಸಬೇಕು. ಇಲ್ಲವಾದರೆ ಆ ಬಣ್ಣ ಆ ರೆಂಬೆಯೊಡನೆಯೇ ಕಸದ ಕುಪ್ಪೆ ಸೇರುವುದು. 1910ರಲ್ಲಿ ಬಟ್ ಎಂಬ ಮಹಿಳೆ ಕೊಲಂಬಿಯದ ಕಾರ್ತಹೇನದಿಂದ ಟ್ರಿನಿಡಾಡಿಗೆ ತಂದ ಕಡುಗೆಂಪಿನ ಗಿಡ ‘ಮಿಸೆಸ್ ಬಟ್’ ಎಂದು ಲೋಕಪ್ರಸಿದ್ಧವಾಯಿತು. ಅದರ ರೆಂಬೆಯೊಂದು ಬಣ್ಣ ತಿರುಗಿ ಕಿತ್ತಳೆಯ ‘ಮಿಸೆಸ್ ಮೆಕ್ಲೀನ್’ ಆಯಿತು. 1949ರಲ್ಲಿ ಕಲ್ಕತ್ತೆಯ ಸಂಘದ ತೋಟದಲ್ಲಿ ಅದೇ ಮಿಸೆಸ್ ಬಟ್ಟಿನ ಒಂದು ರೆಂಬೆ ಬಿಳಿಯ ಪತ್ರಗಳನ್ನೂ ಗುಲಾಬಿಗೆಂಪಿನ ಪತ್ರಗಳನ್ನೂ ಒಂದೇ ಗಿಡದಲ್ಲಿ ಬಿಟ್ಟು, ಜಗತ್ತಿನ ಮೊದಲ ಎರಡು ಬಣ್ಣದ ಬೋಗನ್‌ವಿಲ್ಲಾ ಆಗಿ ‘ಮೇರಿ ಪಾಮರ್’ ಎಂಬ ಹೆಸರನ್ನು ಪಡೆಯಿತು. ತಳಿಗಳ ಪಟ್ಟಿಯನ್ನು ಓದಿದರೆ ಶ್ರೀಮತಿಯರೂ ಲೇಡಿಯರೂ ಸಾಲುಸಾಲಾಗಿ ಬರುವರು. ‘ಮಹಾರಾಜ ಆಫ್ ಮೈಸೂರ್’ ಎಂಬ ತಳಿಯೂ ಉಂಟು. ಬಿಸಿಲಿನಲ್ಲಿ ಗಿಡವನ್ನು ದಿನವೂ ನೋಡಿಕೊಂಡ ಮಾಲಿಯ ಹೆಸರು ಮಾತ್ರ ಅಲ್ಲಿ ಕಾಣದು.

ಸ್ವಾತಂತ್ರ್ಯಾನಂತರ ಈ ಕೆಲಸಕ್ಕೆ ವಿಜ್ಞಾನದ ಬೆಂಬಲ ದೊರೆಯಿತು. ಗೋಧಿಯ ತಳಿಗಳಿಂದ ಖ್ಯಾತರಾದ ಬಿ. ಪಿ. ಪಾಲ್ ಅವರು ಗುಲಾಬಿಯ ಮೇಲಿಟ್ಟ ಪ್ರೀತಿಯನ್ನೇ ಇದರ ಮೇಲೂ ಇಟ್ಟು, ವಿಷ್ಣು ಸ್ವರೂಪರೊಡನೆ 1974ರಲ್ಲಿ ಒಂದು ಗ್ರಂಥವನ್ನೇ ಹೊರತಂದರು. ಹೊಸ ಬೋಗನ್‌ವಿಲ್ಲಾ ಲೋಕದ ಯಾವ ಮೂಲೆಯಲ್ಲಿ ಹುಟ್ಟಿದರೂ ಅದರ ಹೆಸರನ್ನು ನೋಂದಾಯಿಸುವ ಅಂತರರಾಷ್ಟ್ರೀಯ ಅಧಿಕಾರ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಗೆ ಬಂದಿತು. ಲಕ್ನೋದ ಸಸ್ಯೋದ್ಯಾನದಲ್ಲಿ ವಿಜ್ಞಾನಿಗಳು ಬಂಜೆಯಾಗಿದ್ದ ತಳಿಗಳ ವರ್ಣತಂತುಗಳನ್ನು ಕಾಲ್ಚಿಸಿನ್ ಎಂಬ ಔಷಧದಿಂದ ಇಮ್ಮಡಿಗೊಳಿಸಿ, ಬೀಜ ಕಟ್ಟುವ ಶಕ್ತಿಯನ್ನು ಮರಳಿ ಬರಿಸಿದರು. ನಮ್ಮ ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪಿತವಾದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೊರತಂದ ತಳಿಗಳಲ್ಲಿ ‘ಚಿತ್ರಾವತಿ’ ಎಂಬುದೊಂದಿದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಹೊಳೆಯ ಹೆಸರು ಅದು.

ಆದರೂ ಗಿಡ ಸಾಕುವ ವಿದ್ಯೆ ಈಗಲೂ ಹಳೆಯ ಮಾಲಿಗಳ ಕೈಯಲ್ಲಿದ್ದುದೇ. ಮಳೆಗಾಲದ ಆರಂಭದಲ್ಲಿ ಬಲಿತ ಕೊಂಬೆಯಿಂದ ಸೀಸದ ಕಡ್ಡಿಯ ದಪ್ಪದ, ಗೇಣುದ್ದದ ತುಂಡನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಮರಳು ಬೆರೆತ ಮಣ್ಣಿನಲ್ಲಿ ನೆರಳಿನೆಡೆ ನೆಡಬೇಕು. ಬೇರು ಬರುವ ಮುನ್ನವೇ ಚಿಗುರು ಒಡೆಯುವುದುಂಟು. ಅದನ್ನು ಕಂಡು ಹಿಗ್ಗಿ ಕಿತ್ತು ನೋಡಿದವನು ಗಿಡವನ್ನು ಕಳೆದುಕೊಳ್ಳುವನು. ಬೇರು ಬಹು ನವುರು. ಬೇರೆಡೆಗೆ ನೆಡುವಾಗ ಮಣ್ಣಿನ ಹೆಂಟೆ ಒಡೆಯಬಾರದು. ಬೇರೂರಿದ ಮೇಲೆ ಅತಿಯಾದ ಆದರ ಸಲ್ಲದು: ದಿನವೂ ನೀರೆರೆದು ಗೊಬ್ಬರ ಸುರಿದರೆ ಎಲೆ ಸೊಕ್ಕುವುದೇ ಹೊರತು ಬಣ್ಣ ಬಾರದು, ನೀರನ್ನು ತಡೆದು ಕೆಲವು ದಿನ ಬಾಯಾರಿಸಿದರೆ ಮೈತುಂಬ ಹೂ. ಹೂ ಬಿಡುವುದು ಹೊಸ ಚಿಗುರಿನಲ್ಲಿಯಾದುದರಿಂದ, ಒಂದು ಸುಗ್ಗಿ ಮುಗಿದೊಡನೆ ಕೊಂಬೆಗಳನ್ನು ನಿರ್ದಾಕ್ಷಿಣ್ಯವಾಗಿ ಸವರಬೇಕು. ಎರಡು ಬಣ್ಣದ ತಳಿಗಳಲ್ಲಿ ಹಳೆಯ ಬಣ್ಣಕ್ಕೆ ಮರಳಿದ ರೆಂಬೆ ಕಂಡರೆ ಅದನ್ನು ಬುಡದಲ್ಲೇ ತೆಗೆಯಬೇಕು. ಬಿಟ್ಟರೆ ಅದೇ ಗಿಡವನ್ನೆಲ್ಲ ಆಕ್ರಮಿಸುವುದು.

ಹೀಗೆ ಕಾಗದದ ಹೂ ಕೈಯಿಂದ ಕೈಗೆ ಬಂದ ಆಸ್ತಿ. ಶಾಸ್ತ್ರಜ್ಞರಿಗೂ ದೊರೆಗಳಿಗೂ ಸಲ್ಲುವ ಕೀರ್ತಿ ಸಲ್ಲಲಿ, ಆದರೆ ಅದನ್ನು ಉಳಿಸಿದವರು ಕತ್ತರಿ ಹಿಡಿದ ಅನಾಮಧೇಯರು. ಆದುದರಿಂದ ಮನೆಯಂಗಳದಲ್ಲಿ ಈ ಗಿಡವಿರುವ ಓದುಗರಲ್ಲಿ ಒಂದು ಬಿನ್ನಹ: ನೆರೆಯವರು ಕಡ್ಡಿ ಕೇಳಿದರೆ ಇಲ್ಲವೆನ್ನದಿರಿ, ಕೊಡುವಾಗ ಅದರ ತಳಿಯ ಹೆಸರನ್ನೂ ಅದು ನಿಮಗೆ ಯಾರಿಂದ ಬಂದಿತೆಂಬುದನ್ನೂ ಜತೆಗೆ ಹೇಳಿ, ಕೊಂಬೆ ಸವರಲು ಬಂದ ಮಾಲಿ, “ಅಮ್ಮಾ, ಈ ರೆಂಬೆಯ ಬಣ್ಣ ಬೇರೆಯಾಗಿದೆ” ಎಂದು ಕರೆದರೆ, ಒಳಗಿನ ಕೆಲಸವನ್ನು ಬಿಟ್ಟು ಹೋಗಿ ನೋಡಿ, ಅದು ಹೊಸ ತಳಿಯೇ ಆದರೆ, ಅದಕ್ಕೆ ಅವನ ಹೆಸರನ್ನೇ ಇಡಿ.